ಭಟ್ಟಿಯಿಂದ ನೆಟ್ಟಗೆ ಬಂದದ್ದು

ಲಂಡನ್ನಿನ ಹೌನ್ಸ್ಲೋದಲ್ಲಿರುವ ನಮ್ಮ ಗೆಳೆಯರೊಬ್ಬರ ಮಗಳು ಅನಘಾ ಉತ್ಖನನದ ಕೆಲಸಕ್ಕೆ ಸೇರಿದ್ದಾಳೆ. ವಿಜಯಪುರದ ಮನೆತನ. ತಂದೆಗೆ ವಿಮಾನ ನಿಲ್ದಾಣದ ಸರಕಿನ ವಿಭಾಗದಲ್ಲಿ ನೌಕರಿ. ಮಗಳು ಇಷ್ಟು ಓದಿಯೂ ಮಣ್ಣು ಅಗೆಯಲು ಹೊರಟಳಲ್ಲ ಎಂದು ಅವರಿಗೆ ಒಳಗೊಳಗೇ ಬೇಸರ. ಕೆಲಸಕ್ಕೆ ಸೇರುವ ಮುಂಚಿನ ಭಾನುವಾರ ಅವಳನ್ನು ಈಸ್ಟ್ ಹ್ಯಾಮ್‌ನ ನಮ್ಮ ಮನೆಗೆ ಕರೆತಂದು, "ನೀವರೆ ಹೇಳ್ರಿ ಅಕ್ಕಾವ್ರ, ಇದರಾಗ ಏನೈತಿ ಅಂತ" ಎಂದರು.

ನಾನು ಅವಳಿಗೆ ಮೊಣಕಾಲಿಗೆ ಕಟ್ಟಿಕೊಳ್ಳುವ ಮೆತ್ತೆ, ಹೆಚ್ಚುವರಿ ಕಾಲುಚೀಲ, ಸ್ವಂತದ್ದೊಂದು ಚಹಾದ ಮಗ್ ಇವಿಷ್ಟನ್ನು ಮರೆಯಬೇಡ ಎಂದು ಹೇಳಿ ಕಳಿಸಿದೆ. ಹೇಳಲೇಬೇಕಾಗಿದ್ದ ಮಾತು ಬಾಯಿಗೆ ಬರಲಿಲ್ಲ. ಅದನ್ನು ಹೇಳಲು ಒಂದು ಬೆಳಗಿನ ಕಥೆಯನ್ನು ಮೊದಲು ಹೇಳಬೇಕು. ಆ ಕಥೆಯನ್ನು ಎದುರಿಗೆ ಕುಳಿತು ಒಂದೇ ಉಸಿರಿಗೆ ಹೇಳಲು ನನ್ನಿಂದ ಆಗದು. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ನಡುವೆ ಎದ್ದು ಹೋಗಿ ಒಲೆಯ ಮೇಲೆ ಹಾಲಿಟ್ಟು ಬರಬಹುದು.

ಧಾರವಾಡದಲ್ಲಿ ಪ್ರಾಚೀನ ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ಮದುವೆಯಾಗಿ ಡಾಕ್ಟರರ ಹೆಂಡತಿಯಾಗಿ ಲಂಡನ್ನಿಗೆ ಬಂದೆ. ಕಲಿತದ್ದು ಹಳಗನ್ನಡ ಶಾಸನಗಳು. ಇಲ್ಲಿ ಅವನ್ನು ಕೇಳುವವರಿಲ್ಲ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ, ತೊಂಬತ್ತರ ದಶಕದ ಮೊದಲಲ್ಲಿ, ಉತ್ಖನನ ನಡೆಸುವ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಆಗ ಲಂಡನ್ನಿನಲ್ಲಿ ಎಲ್ಲಿ ಹೊಸ ಕಟ್ಟಡ ಏಳಬೇಕಾದರೂ ಮೊದಲು ನೆಲ ಅಗೆದು, ಹಿಂದೆ ಅಲ್ಲಿ ಏನಿತ್ತೆಂದು ದಾಖಲಿಸಬೇಕೆಂಬ ಪದ್ಧತಿ ಬಂದಿತ್ತು. ಅಗೆಯುವವರು ಅಗೆಯುತ್ತಿದ್ದರು. ಸಿಕ್ಕಿದ್ದನ್ನು ತೊಳೆದು, ಒಣಗಿಸಿ, ವಿಂಗಡಿಸುವುದು ನನ್ನ ಕೆಲಸ.

ಅತ್ತೆಯವರಿಗೆ ಫೋನಿನಲ್ಲಿ ಇದನ್ನು ತಿಳಿಸಿದಾಗ ಅವರು ಮೊದಲು ಮಕ್ಕಳ ಕ್ಷೇಮ ವಿಚಾರಿಸಿದರು. ಆಮೇಲೆ ಕೇಳಿದರು: "ಒಡದ ಗಡಿಗಿ ತೊಳದ್ರ ಪಗಾರ ಕೊಡ್ತಾರ?"

"ಕೊಡ್ತಾರತ್ತಿ."

"ಇಲ್ಲಿ ಮನ್ಯಾಗ ಮುಸುರಿ ತಿಕ್ಕಾಕ ಆಳ ಇದ್ಲು. ಅಲ್ಲಿ ಹೋಗಿ ಯಾರ್ಯಾರೋ ಉಂಡ ಮುಸುರಿ ತೊಳಿಯೂದು ಬಂತೇನವಾ."

ಇದಕ್ಕೆ ನಿಜವಾದ ಉತ್ತರ ಕೆಲವು ವರ್ಷಗಳ ನಂತರ ಲ್ಯಾಂಬೆತ್‌ನಲ್ಲಿ, ಥೇಮ್ಸ್ ನದಿಯ ದಡದ ಒಂದು ಹಳೆಯ ಮಡಕೆ ಕಾರ್ಖಾನೆಯ ನೆಲದಲ್ಲಿ ಸಿಕ್ಕಿತು. ಅಲ್ಲಿ ನಾವು ತೊಳೆದ ಸಾವಿರಾರು ಚೂರುಗಳಲ್ಲಿ ಯಾರೂ ಉಂಡಿರಲಿಲ್ಲ. ಅವೆಲ್ಲ ಸುಡುವಾಗಲೇ ಕೆಟ್ಟವು. ಬಾಗಿದ ತಟ್ಟೆ, ಒಂದಕ್ಕೊಂದು ಅಂಟಿ ಹೋದ ಬಟ್ಟಲು, ಹೊಟ್ಟೆ ಬಿರಿದ ಹೂಜಿ. ಕಾರ್ಖಾನೆಯವರು ಅವನ್ನು ಭಟ್ಟಿಯ ಹಿಂದೆ ತಿಪ್ಪೆ ಹಾಕುತ್ತಿದ್ದರು. ಇನ್ನೂರು ಇನ್ನೂರೈವತ್ತು ವರ್ಷ ಹಿಂದಿನ ಆ ತಿಪ್ಪೆ ಸಣ್ಣ ಗುಡ್ಡದಷ್ಟಾಗಿ, ಮೇಲೆ ಮನೆಗಳೆದ್ದು, ನೆಲದೊಳಗೆ ಸೇರಿಹೋಗಿತ್ತು. ಅತ್ತೆಯವರಿಗೆ ಫೋನು ಮಾಡಿ, ಇವು ಯಾರ ಎಂಜಲೂ ಅಲ್ಲ ಎಂದೆ. "ಹಂಗಾರ ಛಲೋ ಆತು" ಎಂದು ಅವರು ಸಮಾಧಾನಪಟ್ಟರು.

ಚೂರು ತೊಳೆಯುವ ಶೆಡ್ಡಿನಲ್ಲಿ ನನಗೆ ಮೇಲಿನವಳು ಬ್ರೆಂಡಾ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ಗಟ್ಟಿ ತೋಳಿನ, ಮೆಲ್ಲಗೆ ಮಾತಾಡಲು ಬಾರದ ಹೆಂಗಸು. ಇಂಗ್ಲೆಂಡಿನ ನಡುಭಾಗದ ಸ್ಟ್ಯಾಫರ್ಡ್‌ಶೈರ್‌ನಲ್ಲಿ ಒಂದಕ್ಕೊಂದು ಹೊಂದಿಕೊಂಡ ಕೆಲವು ಊರುಗಳಿವೆ. ಎಷ್ಟೋ ತಲೆಮಾರು ಅಲ್ಲಿ ಮಡಕೆ, ಪಿಂಗಾಣಿ ಬಿಟ್ಟರೆ ಬೇರೆ ಕಸುಬೇ ಇರಲಿಲ್ಲ. ಅವಳು ಅಲ್ಲಿಯವಳು. ಅಜ್ಜ ಭಟ್ಟಿಗೆ ಮಾಲು ತುಂಬುವವನು, ಅಜ್ಜಿ ಕಪ್ಪುಗಳಿಗೆ ಹಿಡಿ ಅಂಟಿಸುವವಳು, ತಾಯಿ ಬಣ್ಣ ಬರೆಯುವವಳು. ಅವಳು ಮಾತಾಡುವ ಇಂಗ್ಲಿಷಿಗೆ ಲಂಡನ್ನಿನವರು ನಗುತ್ತಿದ್ದರು, ಬೆಂಗಳೂರಿನವರು ನಮ್ಮ ಮಾತಿಗೆ ನಗುವ ಹಾಗೆಯೇ. ಹಾಗಾಗಿ ಅವಳ ಮಾತು ನನ್ನ ತಲೆಯಲ್ಲಿ ಯಾವಾಗಲೂ ಧಾರವಾಡದ ಕನ್ನಡದಲ್ಲೇ ಇಳಿಯುತ್ತಿತ್ತು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಅವಳು ಕಂಡಕಂಡವರನ್ನೆಲ್ಲ 'ಡಕ್' ಎಂದು ಕರೆಯುತ್ತಿದ್ದಳು. ಮೊದಲ ದಿನ ನನ್ನನ್ನು ಬಾತುಕೋಳಿ ಅಂದಳೆಂದು ಮುಖ ಗಂಟಿಕ್ಕಿಕೊಂಡೆ. ಅವರ ಕಡೆ ಅದು ನಮ್ಮ 'ತಂಗಿ' ಇದ್ದ ಹಾಗೆ ಎಂದು ಆಮೇಲೆ ತಿಳಿಯಿತು.

ಕೆಲಸ ಸರಳವಾದದ್ದು. ಪ್ಲಾಸ್ಟಿಕ್ ಬೋಗುಣಿಯಲ್ಲಿ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು, ತಟ್ಟೆಗಳಲ್ಲಿ ಹಾಸಿದ ದಿನಪತ್ರಿಕೆ. ತೊಳೆದ ಚೂರು ಒಣಗಿದ ಮೇಲೆ, ಅದು ಯಾವ ಗುಂಡಿಯ ಯಾವ ಪದರದಿಂದ ಬಂತೆಂದು ಅದರ ಮೇಲೆಯೇ ಇರುವೆಯಂಥ ಅಕ್ಷರದಲ್ಲಿ ಬರೆಯಬೇಕು. ಆ ಶಾಯಿಗೆ ಇಂಡಿಯನ್ ಇಂಕ್ ಎಂದು ಹೆಸರು. ಈ ಶೆಡ್ಡಿನಲ್ಲಿ ಇಂಡಿಯಾದವು ಎರಡೇ, ಈ ಶಾಯಿ ಮತ್ತು ಇವಳು, ಎರಡೂ ಒಮ್ಮೆ ಹತ್ತಿದರೆ ಬಿಡುವುದಿಲ್ಲ ಎಂದು ಬ್ರೆಂಡಾ ಹೊಸಬರಿಗೆಲ್ಲ ಹೇಳುತ್ತಿದ್ದಳು.

ಲ್ಯಾಂಬೆತ್‌ನ ಮೊದಲ ವಾರ ನನಗೊಂದು ಸಣ್ಣ ಮಣ್ಣಿನ ವಸ್ತು ಸಿಕ್ಕಿತು. ಅಂಗೈಯಲ್ಲಿ ಕೂರುವಷ್ಟು, ಮೂರು ಚೂಪು ಕಾಲು. ಆಮೇಲೆ ಇನ್ನೊಂದು, ಮತ್ತೊಂದು. ನನಗೆ ನಮ್ಮ ಕಡೆಯ ಮೂರು ಕಲ್ಲಿನ ಒಲೆ ನೆನಪಾಯಿತು. ಮಕ್ಕಳು ಅಡಿಗೆ ಆಟ ಆಡುವ ಒಲೆಗುಂಡುಗಳಿರಬೇಕು, ಕಾರ್ಖಾನೆಯ ಹೆಂಗಸರು ಮಕ್ಕಳನ್ನೂ ಜೊತೆಗೆ ಕರೆತರುತ್ತಿದ್ದರೆಂಬುದಕ್ಕೆ ಇದೇ ಸಾಕ್ಷಿ ಎಂದು ದೊಡ್ಡ ವಿವರಣೆ ಕೊಟ್ಟೆ. ಬ್ರೆಂಡಾ ಗಂಭೀರವಾಗಿ ಪೂರ್ತಿ ಕೇಳಿದಳು. ಆಮೇಲೆ ಎರಡು ತಟ್ಟೆ ತಂದು, ನಡುವೆ ಆ ಮೂರುಕಾಲಿನದನ್ನಿಟ್ಟು, ಒಂದರ ಮೇಲೊಂದು ಜೋಡಿಸಿ ತೋರಿಸಿದಳು. ಗಾಜಿನಂಥ ಹೊಳಪು ಹಚ್ಚಿದ ಪಾತ್ರೆಗಳು ಸುಡುವಾಗ ಒಂದಕ್ಕೊಂದು ಅಂಟಬಾರದೆಂದು ಇಡುವ ಊರೆಗಾಲು ಅದು. ಆದರೆ ನೀನು ಹೇಳಿದ ಮಕ್ಕಳ ಕಥೆ ಬಹಳ ಚೆಂದವಿತ್ತು, ಅದನ್ನು ಎಲ್ಲಾದರೂ ಉಪಯೋಗಿಸು ಎಂದಳು.

ಅವಳಿಂದಲೇ ನಾನು ಆ ಊರುಗಳ ಬದುಕು ಕಲಿತೆ. ಓದಿ ಕಲಿತದ್ದಕ್ಕಿಂತ ಬೋಗುಣಿಯ ಮುಂದೆ ಕುಳಿತು ಕೇಳಿದ್ದೇ ಹೆಚ್ಚು. ಭಟ್ಟಿ ಹಚ್ಚಿದ ದಿನ ಹಗಲಿನಲ್ಲೇ ಕತ್ತಲಾಗುತ್ತಿತ್ತಂತೆ; ಒಗೆದು ಹೊರಗೆ ಹಾಕಿದ ಬಿಳಿ ಬಟ್ಟೆ ಒಳಗೆ ಬರುವಾಗ ಬೂದಿ ಬಣ್ಣ. ಹಳೆಯ ಕಾಲದ ಕುಂಬಾರರು ಸೋಮವಾರ ಕೆಲಸಕ್ಕೇ ಬರುತ್ತಿರಲಿಲ್ಲ, ಅದು ಅವರಿಗೆ ಹಬ್ಬದಂಥ ದಿನ, ಮಂಗಳವಾರ ತಲೆನೋವು, ವಾರದ ಕೊನೆಗೆ ಹೆಂಡತಿ ಮಕ್ಕಳನ್ನೂ ಸೇರಿಸಿಕೊಂಡು ಕತ್ತು ಮುರಿಯುವ ಹಾಗೆ ದುಡಿತ. ಅವಳ ಅಜ್ಜನಿಗೆ ನಡುನೆತ್ತಿಯಲ್ಲಿ ಕೂದಲಿರಲಿಲ್ಲವಂತೆ. ಪಾತ್ರೆ ತುಂಬಿದ ಸ್ಯಾಗರ್‌ಗಳನ್ನು, ಅಂದರೆ ಸುಡುವಾಗ ಬೆಂಕಿಯ ನಾಲಗೆ ತಾಗದಂತೆ ಮಾಲನ್ನಿಡುವ ದಪ್ಪ ಒರಟು ಮಣ್ಣಿನ ಡಬ್ಬಗಳನ್ನು, ತಲೆಯ ಮೇಲೆ ಹೊತ್ತು ಏಣಿ ಹತ್ತಿ ಹತ್ತಿ ಹಾಗಾದದ್ದು. ಟೊಪ್ಪಿಗೆಯೊಳಗೆ ಹಳೆಯ ಕಾಲುಚೀಲ ಸುತ್ತಿ ಇಟ್ಟುಕೊಳ್ಳುತ್ತಿದ್ದನಂತೆ. ನಮ್ಮಲ್ಲಿ ಅದಕ್ಕೆ ಸಿಂಬಿ ಎನ್ನುತ್ತಾರೆ ಎಂದು ಹೇಳಿ, ಟವೆಲ್ ಸುತ್ತಿ ಅವಳ ತಲೆಯ ಮೇಲಿಟ್ಟು ತೋರಿಸಿದೆ. ಆ ದಿನ ಮಧ್ಯಾಹ್ನವೆಲ್ಲ ಅವಳು ಸಿಂಬಿ ಹೊತ್ತೇ ಓಡಾಡಿದಳು.

ಅವರಲ್ಲಿ ಇನ್ನೊಂದು ಪದ್ಧತಿ ಇತ್ತು. ಕುಂಬಾರನಿಗೆ ಕೂಲಿ ಅವನು ಮಾಡಿದ ಪಾತ್ರೆಗಲ್ಲ, ಭಟ್ಟಿಯಿಂದ ನೆಟ್ಟಗೆ ಹೊರಬಂದ ಪಾತ್ರೆಗೆ ಮಾತ್ರ. ಅವನು ಎಷ್ಟೇ ಚೆಂದ ಮಾಡಿರಲಿ, ಬೆಂಕಿ ಹಾಕುವವನು ತಪ್ಪಿ ಬಿರುಕು ಬಿಟ್ಟರೆ ಅದು ಲೆಕ್ಕಕ್ಕಿಲ್ಲ. ಇದನ್ನು ಹೇಳುವಾಗ ಬ್ರೆಂಡಾಳ ದನಿ ಏರುತ್ತಿತ್ತು, ಆ ಅನ್ಯಾಯ ಹೋದ ವಾರ ನಡೆದದ್ದೋ ಎಂಬಂತೆ. ಅದಕ್ಕೇ ಅವಳು ತಿಪ್ಪೆಯ ಒಂದು ಚೂರನ್ನೂ ಎಸೆಯಗೊಡುತ್ತಿರಲಿಲ್ಲ. ಪ್ರತಿಯೊಂದೂ ಯಾರದೋ ಬಿಟ್ಟಿ ದುಡಿಮೆ ಎನ್ನುತ್ತಿದ್ದಳು.

ಅಗೆಯುವವರ ಮುಖ್ಯಸ್ಥ ಗ್ಯಾರೆತ್. ತೆಳ್ಳಗೆ, ಉದ್ದಕ್ಕೆ, ಮೃದು ಮಾತಿನ ವೇಲ್ಸ್‌ನವನು. ಮಳೆ ಬಂದರೆ ಮೊದಲು ನಮ್ಮ ತಟ್ಟೆಗಳಿಗೆ ಹೊದಿಕೆ ಹಾಕಿ ಆಮೇಲೆ ತಾನು ಕೋಟು ಹಾಕಿಕೊಳ್ಳುತ್ತಿದ್ದ. ಅವನ ಗುಂಡಿಗಳ ಅಂಚು ಗೆರೆ ಹಾಕಿ ಕತ್ತರಿಸಿದ ಬರ್ಫಿಯಂತೆ ಇರುತ್ತಿದ್ದವು.

ಅನಘಾ, ಇದು ನಿನಗೆ ಗೊತ್ತಿರುವುದೇ, ಆದರೂ ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮ ಕಸುಬಿನಲ್ಲಿ ಗುಂಡಿಯ ಗೋಡೆಯೇ ಪುಸ್ತಕ. ನೇರವಾಗಿ ಕಡಿದು, ಕರಣೆಯಿಂದ ಕೆರೆದು ಸ್ವಚ್ಛ ಮಾಡಿದ ಆ ಗೋಡೆಯಲ್ಲಿ ಒಂದರ ಮೇಲೊಂದು ಕಾಲಗಳು ಪದರ ಪದರವಾಗಿ ಕಾಣುತ್ತವೆ. ಅದಕ್ಕೆ ಸೆಕ್ಷನ್ ಎನ್ನುತ್ತೇವೆ. ಸೆಕ್ಷನ್ ಎಷ್ಟು ನೇರ, ಎಷ್ಟು ಚೊಕ್ಕ, ಅಷ್ಟು ನಮ್ಮ ಹೆಮ್ಮೆ. ಅದರ ಫೋಟೋ ವರದಿಯ ಮುಖಪುಟಕ್ಕೆ ಬರುತ್ತದೆ. ನಮ್ಮ ಕಚೇರಿಯ ದೊಡ್ಡ ಸಾಹೇಬರ ಕೋಣೆಯಲ್ಲಿ ಅಂಥ ಫೋಟೋಗಳನ್ನು ಕಟ್ಟು ಹಾಕಿಸಿ ತೂಗುಹಾಕಿದ್ದರು. ಒಂದರಲ್ಲೂ ಮನುಷ್ಯರಿಲ್ಲ, ಗುದ್ದಲಿಯಿಲ್ಲ, ಬಕೆಟ್ಟಿಲ್ಲ. ಕೆಂಪು ಬಿಳಿ ಪಟ್ಟಿಯ ಅಳತೆಕೋಲು ಮಾತ್ರ. ಆಳದ ಗುಂಡಿ ಕುಸಿಯದಂತೆ ಎರಡು ಕಡೆ ಹಲಗೆ ನಿಲ್ಲಿಸಿ, ನಡುವೆ ಕಬ್ಬಿಣದ ತಿರುಪುಕಂಬಗಳನ್ನು ಬಿಗಿದಿರುತ್ತೇವಲ್ಲ, ಅವೂ ಇಲ್ಲ. ಫೋಟೋ ತೆಗೆಯುವ ಮುಂಚೆ ಅವನ್ನು ಬಿಚ್ಚುತ್ತಿದ್ದರು. ತೆಗೆದ ಮೇಲೆ ಮತ್ತೆ ಕಟ್ಟುತ್ತಿದ್ದರು. ಎಲ್ಲರೂ ಹಾಗೇ ಮಾಡುತ್ತಿದ್ದರು. ಮನೆಗೆ ನೆಂಟರು ಬರುವಾಗ ಒಣಹಾಕಿದ ಬಟ್ಟೆ ಎತ್ತಿಡುವಷ್ಟೇ ಸಹಜವಾಗಿ.

ಆ ತಿಪ್ಪೆಯ ನಡುವೆ ಗ್ಯಾರೆತ್ ಆಳೆತ್ತರಕ್ಕಿಂತ ಆಳದ ಕಂದಕ ತೋಡಿಸಿದ್ದ. ಅದರ ಒಂದು ಬದಿಗೆ ಚೂರುಗಳ ಸೆಕ್ಷನ್. ಎದುರು ಬದಿಗೆ ಒಂದು ವಿಚಿತ್ರ ಗೋಡೆ ಸಿಕ್ಕಿತು. ಕಾರ್ಖಾನೆಯವರು ಹಳತಾದ ಸ್ಯಾಗರ್ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿ, ಒಳಗೆ ಜೇಡಿಮಣ್ಣು ಮೆತ್ತಿ ಕಟ್ಟಿದ್ದು. ಆಚೆ ಇನ್ನೊಂದು ತಿಪ್ಪೆಯಿತ್ತು. ಅದು ಅಂಗಳಕ್ಕೆ ಜಾರದಂತೆ ತಡೆಯಲು ಕಟ್ಟಿದ ಗೋಡೆ. ಬ್ರೆಂಡಾ ಅದನ್ನು ನೋಡಿದವಳೇ ತವರಿನವರು ಬಂದಂತೆ ಸಂಭ್ರಮಪಟ್ಟಳು. ಅವರ ಊರಿನಲ್ಲಿ ಹಿತ್ತಲ ಗೋಡೆಗಳನ್ನು ಹೀಗೇ ಕಟ್ಟುತ್ತಿದ್ದರಂತೆ. ಪ್ರತಿ ಡಬ್ಬದ ಅಂಚಿನಲ್ಲಿ ಮಾಡಿದವನ ಹೆಬ್ಬೆರಳು ಒತ್ತಿದ ಗುರುತು.

ಗ್ಯಾರೆತ್‌ಗೆ ಆ ಗೋಡೆ ತೊಡಕಾಯಿತು. ಬೆಳಗಿನ ಬಿಸಿಲಿಗೆ ಅದರ ನೆರಳು ಸೆಕ್ಷನ್ನಿನ ಮೇಲೆ ಬೀಳುತ್ತಿತ್ತು. ಅದರ ಚಿತ್ರ ಬರೆದಾಗಿದೆ, ಬಿಚ್ಚಿಬಿಡೋಣ ಎಂದ. ಬ್ರೆಂಡಾ ಕಂದಕದ ದಂಡೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನಿನ್ನ ಫೋಟೋದ ಸಲುವಾಗಿ ನಮ್ಮಜ್ಜನ ಗ್ವಾಡಿ ಕೆಡವತೀ ಏನು?"

"ನಿಮ್ಮಜ್ಜ ಲಂಡನ್ನಿಗೇ ಬಂದಿರಲಿಲ್ಲವಲ್ಲ, ಬ್ರೆಂಡಾ."

"ಬಂದಿದ್ರ ಹಿಂಗ ಕಟ್ಟತಿದ್ದ. ಸೋಮವಾರದ ಮಟಾ ಬಿಡು. ಇನ್ನೂ ಬೆರಳಿನ ಗುರುತು ನೋಡೂದು ಮುಗದಿಲ್ಲ."

ಗ್ಯಾರೆತ್ ನಕ್ಕು ಕೈ ಎತ್ತಿದ. ಸೂರ್ಯ ಸ್ವಲ್ಪ ಮೇಲೇರಿದ ಮೇಲೆ ಫೋಟೋ ತೆಗೆದರಾಯಿತು ಎಂದು ಒಪ್ಪಿಕೊಂಡ.

ಮಾರನೆಯ ಬೆಳಗ್ಗೆ ಸೂರ್ಯ ಮೇಲೇರಿದ. ಹಲಗೆ ಬಿಚ್ಚಿದರು, ಕಂಬ ತೆಗೆದರು. ಗ್ಯಾರೆತ್ ದಂಡೆಯ ಮೇಲೆ ನಿಂತು ಫೋಟೋ ತೆಗೆದ. ಕಪ್ಪು ಬಿಳುಪಿನದೊಂದು, ಬಣ್ಣದ್ದೊಂದು. ಆಗಿನ್ನೂ ರೀಲಿನ ಕಾಲ. ಬಂತೋ ಇಲ್ಲವೋ ಎಂದು ತೊಳೆದ ಮೇಲೆಯೇ ಗೊತ್ತಾಗುವುದು, ಆದ್ದರಿಂದ ಒಂದೊಂದನ್ನೂ ಮತ್ತೆ ಮತ್ತೆ ತೆಗೆಯಬೇಕು. ಅದು ಮುಗಿಯುವಷ್ಟರಲ್ಲಿ ಚಹಾದ ಹೊತ್ತಾಯಿತು. ಈ ದೇಶದಲ್ಲಿ ಆ ಹೊತ್ತು ತಪ್ಪುವುದಿಲ್ಲ. ಚಹಾ ಕುಡಿದು ಬಂದು ಹಲಗೆ ಕಟ್ಟೋಣ, ಅಲ್ಲಿಯವರೆಗೆ ಯಾರೂ ಇಳಿಯಬೇಡಿ ಎಂದು ಗ್ಯಾರೆತ್ ಹೇಳಿದ. ಎಲ್ಲರೂ ಶೆಡ್ಡಿಗೆ ಬಂದೆವು. ಬ್ರೆಂಡಾ ಬರಲಿಲ್ಲ. ಅವಳ ಮಗ್‌ನಲ್ಲಿ ಚಹಾ ಆರುತ್ತಿತ್ತು. ನಾನೇ ತೆಗೆದುಕೊಂಡು ಹೋದೆ.

ಅವಳು ಕೆಳಗಿದ್ದಳು. ಆ ಬೆಳಕಿನಲ್ಲಿ ಡಬ್ಬವೊಂದರ ಮೇಲೆ ಪೂರ್ತಿ ಅಂಗೈಯ ಗುರುತು ಕಂಡಿತಂತೆ. ಒಂದೇ ನಿಮಿಷ ನೋಡಿ ಬರುತ್ತೇನೆಂದು ಏಣಿ ಇಳಿದಿದ್ದಳು. ಗೋಡೆಗೆ ಮುಖ ಮಾಡಿ, ಸೆಕ್ಷನ್ನಿಗೆ ಬೆನ್ನು ಮಾಡಿ ನಿಂತಿದ್ದಳು. ನಾನು ಮೇಲಿನಿಂದ ಅವಳ ಹೆಸರು ಕೂಗಿದೆ. ಅವಳು ತಿರುಗಿ, ಬೆನ್ನು ಗೋಡೆಗೆ ಕೊಟ್ಟು, ನನ್ನತ್ತ ತಲೆಯೆತ್ತಿ ನಕ್ಕಳು.

ಆಗ ಒಂದು ಸದ್ದು ಕೇಳಿಸಿತು. ಟಿಣ್ ಟಿಣ್ ಎಂದು, ಬಹಳ ಸಣ್ಣಗೆ. ಶೆಡ್ಡಿನಲ್ಲಿ ಯಾರೋ ಚಹಾದ ಕಪ್ಪು ಜೋಡಿಸುತ್ತಿದ್ದಾರೆ ಎಂದುಕೊಂಡೆ.

ಕಪ್ಪುಗಳೇ. ಇನ್ನೂರು ವರ್ಷ ಹಿಂದಿನ ಕಪ್ಪಿನ ಚೂರುಗಳು ಸೆಕ್ಷನ್ನಿನಿಂದ ಒಂದೊಂದೇ ಉದುರುತ್ತಿದ್ದವು. ಆ ತಿಪ್ಪೆಯಲ್ಲಿ ಮಣ್ಣೇ ಇರಲಿಲ್ಲವೆಂಬುದು ನಮಗೆ ತಿಳಿದಿತ್ತು, ಆದರೆ ತಲೆಗೆ ಹತ್ತಿರಲಿಲ್ಲ. ಬರೀ ಚೂರು. ಒಂದನ್ನೊಂದು ಹಿಡಿದುಕೊಳ್ಳಲು ಏನೂ ಇಲ್ಲ. ಹಲಗೆಯ ಆಸರೆ ಹೋದ ಮೇಲೆ ಅದು ಗೋಡೆಯಾಗಿ ನಿಂತದ್ದೇ ಹೆಚ್ಚು. ಹಗೇವಿನಿಂದ ತೆಗೆದ ಜೋಳದ ಚೀಲದ ಬಾಯಿ ಬಿಚ್ಚಿ ಬೋರಲು ಹಾಕಿದಂತೆ ಇಡೀ ಬದಿ ಸರ್ರನೆ ಹರಿಯಿತು. ಧೂಳೆದ್ದಿತು. ಧೂಳು ಇಳಿದಾಗ ಬ್ರೆಂಡಾಳ ತಲೆ, ಹೆಗಲು, ಒಂದು ಕೈ ಮಾತ್ರ ಕಾಣುತ್ತಿದ್ದವು.

ನನ್ನ ಕೈಯಲ್ಲಿ ಮಗ್ ಹಾಗೇ ಇತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ. ಇಷ್ಟು ವರ್ಷವಾದರೂ ನಾನು ಮತ್ತೆ ಮತ್ತೆ ನೋಡುವುದು ಅದನ್ನೇ. ಅವಳು ಹೂತುಹೋದಳು, ನಾನು ಚಹಾ ಹಿಡಿದುಕೊಂಡು ನೆಟ್ಟಗೆ ನಿಂತಿದ್ದೇನೆ. ಆಮೇಲೆ ಕೂಗಿದೆನಂತೆ. ಕನ್ನಡದಲ್ಲಿ ಕೂಗಿದೆ ಎಂದು ಗ್ಯಾರೆತ್ ಆಮೇಲೆ ಹೇಳಿದ. ಏನೆಂದು ತಿಳಿಯದಿದ್ದರೂ ಎಲ್ಲರೂ ಓಡಿಬಂದರು.

ಗ್ಯಾರೆತ್ ಇಳಿದು ಎರಡೂ ಕೈಯಲ್ಲಿ ಬಾಚತೊಡಗಿದ. ಒಂದು ಬೊಗಸೆ ತೆಗೆದರೆ ಮೇಲಿನಿಂದ ಎರಡು ಬೊಗಸೆ ಇಳಿಯುತ್ತಿತ್ತು. ಒಬ್ಬ ಫೋನಿಗೆ ಓಡಿದ. ಅಗ್ನಿಶಾಮಕ ದಳದವರು ಬಂದವರೇ ಗ್ಯಾರೆತ್‌ನನ್ನು ತೋಳು ಹಿಡಿದು ಮೇಲೆಳೆದರು. ಅವನ ಬೆರಳುಗಳಿಂದ ರಕ್ತ ಸೋರುತ್ತಿತ್ತು. ಅವರು ಮೊದಲು ನೋಡಿದ್ದು ಬ್ರೆಂಡಾಳ ಬೆನ್ನ ಹಿಂದಿನ ಸ್ಯಾಗರ್ ಗೋಡೆಯನ್ನು. ಅದರಾಚೆ ಇನ್ನೊಂದು ತಿಪ್ಪೆ. ಆ ಗೋಡೆ ಬಿದ್ದರೆ ಅವಳ ತಲೆಯೂ ಕಾಣದು. ಅವಳ ಎದೆಯ ಮೇಲಿನ ಭಾರ ಕಡಿಮೆಯಾಗಬೇಕು, ಗೋಡೆ ಅಲುಗಲೂ ಬಾರದು. ಹಾಗಾಗಿ ನಿಧಾನವಾಗಿಯೇ ಮಾಡಬೇಕು ಎಂದರು. ಅವಳ ಸುತ್ತ ಒಂದೊಂದೇ ಹಲಗೆ ಇಳಿಸಿ, ಆ ಹಲಗೆಯ ಡಬ್ಬಿಯೊಳಗಿಂದ ಚೂರು ಎತ್ತಬೇಕು. ಎತ್ತಲು ನಮ್ಮ ತೊಳೆಯುವ ಬೋಗುಣಿಗಳೇ ಆದವು.

ಅವರ ಅಧಿಕಾರಿ, ಅವಳಿಗೆ ಹತ್ತಿರದವರು ಯಾರು ಎಂದು ಕೇಳಿದ. ಎಲ್ಲರೂ ನನ್ನ ಕಡೆ ನೋಡಿದರು. ಗೋಡೆಗೆ ಭಾರ ಬೀಳದ ಮೂಲೆಯಲ್ಲಿ ಹಲಗೆ ಹಾಸಿ ನನ್ನನ್ನು ಬೋರಲು ಮಲಗಿಸಿದರು. ಕೈ ಚಾಚಿದರೆ ಅವಳ ಕೈ ಸಿಗುತ್ತಿತ್ತು. ಅವಳು ಎಚ್ಚರ ತಪ್ಪಬಾರದು, ಮಾತಾಡಿಸುತ್ತಲೇ ಇರಿ ಎಂದ.

ಏನು ಮಾತಾಡುವುದು? ಮಣ್ಣಿನಿಂದ ಶುರುಮಾಡು ಎಂದೆ. ನಿಮ್ಮ ಊರಿನಲ್ಲಿ ಮಣ್ಣು ಬಂದಾಗಿನಿಂದ ಕಪ್ಪು ಅಂಗಡಿಗೆ ಹೋಗುವವರೆಗೆ ಯಾರ್ಯಾರ ಕೈ ದಾಟುತ್ತದೆ, ಹೇಳು.

ಅವಳು ನನ್ನನ್ನು ಹುಚ್ಚಿಯೆಂಬಂತೆ ನೋಡಿದಳು. ಆಮೇಲೆ ಹೇಳತೊಡಗಿದಳು, ಉಸಿರು ಸಿಕ್ಕಷ್ಟು. ದೋಣಿಯಲ್ಲಿ ಮಣ್ಣು ಬರುತ್ತದೆ. ಸುಟ್ಟ ಚಕಮಕಿ ಕಲ್ಲನ್ನು ಅರೆದು ಬೆರೆಸುತ್ತಾರೆ. ಆ ಪುಡಿ ಎದೆಗೆ ಹೋಗುತ್ತದೆ. ನೀರಿನಲ್ಲಿ ಕಲಸಿ, ಸೋಸಿ, ಕೆನೆಯಂತೆ ಮಾಡಿ ಇಂಗಿಸುತ್ತಾರೆ. ಮಿದ್ದುವವನು. ಉಂಡೆ ಕಟ್ಟಿ ಕೊಡುವವಳು. ತಿಗರಿಯ ಮೇಲೆ ಎತ್ತುವವನು. ಅವನ ಚಕ್ರ ತಿರುಗಿಸುವ ಹೆಂಗಸು. ಅವಳಿಗೆ ಅವನ ಕೈ ನೋಡಿದರೆ ಸಾಕು, ಎಷ್ಟು ವೇಗ ಬೇಕೆಂದು ತಿಳಿಯುತ್ತದೆ. ಕೆರೆದು ನಯ ಮಾಡುವವನು.

ಒಂದು ಬೋಗುಣಿ ಮೇಲೆ ಬಂತು, ಇನ್ನೊಂದು ಕೆಳಗೆ ಹೋಯಿತು. ಗೋಡೆಯ ಒಂದು ಡಬ್ಬದಿಂದ ಜೇಡಿಯ ಹೆಕ್ಕಳ ಕಳಚಿ ಅವಳ ಹೆಗಲ ಮೇಲೆ ಬಿತ್ತು. ಎಲ್ಲರ ಕೈ ನಿಂತಿತು. ಗೋಡೆ ನಿಂತೇ ಇತ್ತು. ಮತ್ತೆ ಬೋಗುಣಿಗಳು ಓಡಾಡಿದವು.

ಬ್ರೆಂಡಾಳ ದನಿ ಇಳಿಯುತ್ತ ಬಂತು. ಕಣ್ಣು ಮುಚ್ಚಿದಳು. ಕರೆದೆ, ಓಗೊಡಲಿಲ್ಲ. ಕೈ ಹಿಸುಕಿದೆ, ತಿರುಗಿ ಹಿಸುಕಲಿಲ್ಲ. ಆಗ ನನಗೆ ಅದೆಲ್ಲಿಂದ ಬುದ್ಧಿ ಬಂತೋ, ಗಟ್ಟಿಯಾಗಿ ಹೇಳಿದೆ:

"ಗೊತ್ತಾತು ಬಿಡು. ಮೊದಲಿಗೆ ಕಪ್ಪಿಗೆ ಬಣ್ಣಾ ಬರೀತಾರ, ಭಟ್ಟ್ಯಾಗ ಸುಡತಾರ, ಆಮ್ಯಾಲೆ ಹಿಡಿ ಅಂಟಸತಾರ."

ಅವಳ ಹುಬ್ಬು ಗಂಟಾಯಿತು. ಕಣ್ಣು ತೆರೆಯಿತು.

"ಸುಟ್ಟ ಮ್ಯಾಲೆ ಹಿಡಿ ಹ್ಯಾಂಗ ಅಂಟತೈತಿ, ಹುಚ್ಚಿ? ಇಷ್ಟ ವರ್ಷ ಏನ ಕಲತಿ ನನ್ನ ಕಡೆ?"

"ಹಂಗಾರ ನೀನ ಹೇಳು."

"ಹಸೀ ಇದ್ದಾಗ ಅಂಟಸಬೇಕು. ನಮ್ಮಜ್ಜಿ ಕೆಲಸ ಅದು. ಬರಕೋ."

ಹಿಡಿಯ ನಂತರ ಸ್ಯಾಗರ್ ಬಂತು, ಸಿಂಬಿ ಹೊತ್ತ ಅಜ್ಜ ಬಂದ, ನಿದ್ದೆಗೆಟ್ಟು ಬೆಂಕಿ ಕಾಯುವವನು ಬಂದ, ಸೀಸದ ಹೊಳಪಿನಲ್ಲಿ ಕೈ ಅದ್ದಿ ಅದ್ದಿ ಮಣಿಕಟ್ಟು ಜೋತುಬಿದ್ದವರು ಬಂದರು, ಬಣ್ಣ ಬರೆಯುವ ತಾಯಿ ಬಂದಳು. ಅವಳು ನಿಂತಲ್ಲೆಲ್ಲ ನಾನು ಒಂದು ತಪ್ಪು ಹೇಳಿದೆ. ಅಷ್ಟು ತಪ್ಪುಗಳನ್ನು ಬೇಕೆಂದೇ ಹುಡುಕಲು ಅಷ್ಟು ವರ್ಷ ಕಲಿತಿರಬೇಕಾಗುತ್ತದೆ. ಮಾಲನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವವರ ಹತ್ತಿರ ಬರುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ದಾಟಿತ್ತು. ಹಲಗೆಯ ಡಬ್ಬಿಯೊಳಗೆ ಅವಳ ಮೊಣಕಾಲು ಕಂಡಿತು. ಎಡಗಾಲು ಇರಬೇಕಾದ ದಿಕ್ಕಿನಲ್ಲಿರಲಿಲ್ಲ.

ಅವಳನ್ನು ಮೇಲೆತ್ತಿ, ಕಂಬಳಿ ಸುತ್ತಿ ಸ್ಟ್ರೆಚರ್ ಮೇಲೆ ಮಲಗಿಸಿದರು. ಧೂಳು ಮೆತ್ತಿ ಅವಳ ಮುಖ ಇನ್ನೂ ಹೊಳಪು ಹಚ್ಚದ ಪಾತ್ರೆಯ ಬಣ್ಣಕ್ಕೆ ಬಂದಿತ್ತು. ಪಕ್ಕದಲ್ಲಿ ಗ್ಯಾರೆತ್ ಬ್ಯಾಂಡೇಜು ಕಟ್ಟಿದ ಕೈಗಳನ್ನು ಮುಂದೆ ಹಿಡಿದುಕೊಂಡು ಅಳುತ್ತ ನಿಂತಿದ್ದ. ಅವಳು ಅವನನ್ನೇ ನೋಡಿದಳು.

"ನೋಡೋ ಗ್ಯಾರೆತ್. ಭಟ್ಟಿಯಿಂದ ನೆಟ್ಟಗ ಬಂದೇನಿ. ಕೂಲಿ ಕೊಡು."

ಅವಳ ಹಿಂದಿನ ಗೋಡೆ ಆ ಸಂಜೆಯವರೆಗೂ ನಿಂತಿತ್ತು. ನೆರಳು ಬೀಳುತ್ತದೆಂದು ಹಿಂದಿನ ದಿನವೇ ಅದನ್ನು ಕೆಡವಿದ್ದರೆ ಏನಾಗುತ್ತಿತ್ತೆಂದು ನಾವು ಯಾರೂ ಒಬ್ಬರಿಗೊಬ್ಬರು ಹೇಳಲಿಲ್ಲ. ನಾನು ಮನೆಗೆ ಹೋಗಿ, ಯಜಮಾನರ ಬಳಿ ಕಾಲಿನ ವಿಷಯವನ್ನಷ್ಟೇ ಕೇಳಿದೆ. ಎಲುಬು ಕೂಡುತ್ತದೆ, ಆದರೆ ಮೊದಲಿನ ನಡಿಗೆ ಕಷ್ಟ ಎಂದರು. ಆ ವಾರವೆಲ್ಲ ನಮ್ಮ ಮನೆಯಲ್ಲಿ ಊಟದ ತಟ್ಟೆಗಳನ್ನು ಅವರೇ ಎತ್ತಿಟ್ಟರು. ಸದ್ದಾಗದ ಹಾಗೆ, ಒಂದೊಂದರ ನಡುವೆ ಬಟ್ಟೆಯಿಟ್ಟು.

ವಿಚಾರಣೆಯಾಯಿತು. ಹಲಗೆ ಬಿಚ್ಚಿದ್ದು ಗ್ಯಾರೆತ್‌ನ ತಪ್ಪು ಎಂದು ದೊಡ್ಡ ಸಾಹೇಬರು ಹೇಳಿದರು. ಅವನೂ ಹೌದೆಂದ. ನನ್ನನ್ನು ಕರೆದಾಗ, ಸಾಹೇಬರ ಕೋಣೆಯ ಫೋಟೋಗಳನ್ನೆಲ್ಲ ಒಮ್ಮೆ ನೋಡಿ ಬನ್ನಿ, ಯಾವುದರಲ್ಲಾದರೂ ಒಂದು ಹಲಗೆ ಕಾಣುತ್ತದೆಯೇ ಎಂದು ಕೇಳಿದೆ. ಗ್ಯಾರೆತ್ ಕೆಲಸದಲ್ಲಿ ಉಳಿದ. ಕಂದಕಗಳ ಭದ್ರತೆ ನೋಡಿಕೊಳ್ಳುವ ಹೊಣೆಯನ್ನು ತಾನೇ ಕೇಳಿ ಪಡೆದ. ಮತ್ತೆ ಕ್ಯಾಮೆರಾ ಮುಟ್ಟಲಿಲ್ಲ. ಸೆಕ್ಷನ್ನನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ಉಕ್ಕಿನ ಚೌಕಟ್ಟಿನೊಳಗೆ ನಿಂತೇ ಕೆಲಸ ಮಾಡುವುದು ಇವೆಲ್ಲ ಆಮೇಲೆ ಬಂದವು. ರೀಲಿನ ಕ್ಯಾಮೆರಾ ಹೋಗಿ ಡಿಜಿಟಲ್ ಬಂತು. ಹಲ್ಲುಜ್ಜುವ ಬ್ರಷ್ಷು ಮಾತ್ರ ಹಾಗೇ ಉಳಿಯಿತು.

ಬ್ರೆಂಡಾ ಚಳಿಗಾಲಕ್ಕೆ ತಿರುಗಿ ಬಂದಳು, ಕೋಲೂರಿಕೊಂಡು. ಅವರ ಊರಿನಲ್ಲಿ ಸಣ್ಣ ಊನವಿರುವ ಪಾತ್ರೆಗಳನ್ನು 'ಸೆಕೆಂಡ್ಸ್' ಎಂದು ಅಗ್ಗಕ್ಕೆ ಮಾರುತ್ತಾರೆ. ತಾನೀಗ ಸೆಕೆಂಡ್ಸ್ ಮಾಲು ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದಳು. ಅವಳನ್ನು ಹೂತ ಚೂರುಗಳು ಚೀಲಗಳಲ್ಲಿ ಮೂಲೆ ಸೇರಿದ್ದವು. ಪದರಗಳೆಲ್ಲ ಕಲಸಿಹೋದದ್ದರಿಂದ ಅವುಗಳಿಂದ ಇನ್ನು ಏನೂ ತಿಳಿಯುವಂತಿರಲಿಲ್ಲ, ಎಸೆಯಲು ಹೇಳಿದ್ದರು. ಬ್ರೆಂಡಾ ಒಂದು ಚೀಲವನ್ನು ಎಳೆದು ತನ್ನ ಬೋಗುಣಿಗೆ ಸುರಿದುಕೊಂಡಳು. ಮೈಮೇಲೆ ಬಿದ್ದವರ ಮುಖವನ್ನಾದರೂ ತೊಳೆದು ನೋಡಬೇಡವೇ ಎಂದಳು. ನಾನೂ ಬ್ರಷ್ಷು ತೆಗೆದುಕೊಂಡು ಕುಳಿತೆ. ಆ ಚಳಿಗಾಲವೆಲ್ಲ ಬಿಡುವಿದ್ದಾಗ ಅವನ್ನು ತೊಳೆದೆವು, ಯಾವ ಉಪಯೋಗಕ್ಕೂ ಅಲ್ಲ. ನನ್ನ ವೃತ್ತಿಯಲ್ಲಿ ಅಷ್ಟು ಸುಖವಾಗಿ ಕುಳಿತು ಮಾಡಿದ ಕೆಲಸ ಬೇರೆ ನೆನಪಿಲ್ಲ.

ಮೊನ್ನೆ ಅನಘಾ ಮತ್ತೆ ಬಂದಿದ್ದಳು. ತನ್ನ ಮೊದಲ ಸೆಕ್ಷನ್ನಿನ ಫೋಟೋವನ್ನು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ತೋರಿಸಿದಳು. ಕನ್ನಡದಲ್ಲಿ ಅರ್ಧ, ಇಂಗ್ಲಿಷಿನಲ್ಲಿ ಅರ್ಧ, "ಸಾರಿ ಆಂಟಿ, ಶೋರಿಂಗ್ ಬೋರ್ಡ್ಸ್ ಅಡ್ಡ ಬಂದಾವು. ಅಗ್ಲಿ ಕಾಣತೈತಿ" ಎಂದಳು.

ಕನ್ನಡಕ ಹಾಕಿಕೊಂಡು ನೋಡಿದೆ. ಎರಡು ದಪ್ಪ ಹಲಗೆಗಳು, ನಡುವೆ ತುಕ್ಕು ಹಿಡಿದ ತಿರುಪುಕಂಬ. ಅರ್ಧಕ್ಕರ್ಧ ಪದರಗಳು ಮುಚ್ಚಿಹೋಗಿವೆ. ಆ ಫೋಟೋದ ಒಂದು ಪ್ರತಿ ಮಾಡಿಸಿ ಕೊಡು ಎಂದು ಕೇಳಿದೆ. ಅವಳಿಗೆ ನಾಚಿಕೆಯಾಯಿತು, ಮುಂದಿನ ಸಲ ಒಳ್ಳೆಯದು ತೆಗೆದು ತರುತ್ತೇನೆ ಎಂದಳು. ಬೇಡ, ಇದೇ ಇರಲಿ ಎಂದೆ.

ಅದನ್ನು ಬ್ರೆಂಡಾಳಿಗೆ ಅಂಚೆಯಲ್ಲಿ ಕಳಿಸಿದೆ. ಅವಳೀಗ ತನ್ನ ಊರಿನಲ್ಲೇ ಇದ್ದಾಳೆ. ತಲುಪಿದ ದಿನವೇ ಫೋನು ಮಾಡಿದಳು. ಮೊದಲು, ಹುಡುಗಿಗೆ ಸೆಕ್ಷನ್ ಕೆರೆಯಲು ಇನ್ನೂ ಬರುವುದಿಲ್ಲ ಎಂದು ಬೈದಳು. ಆಮೇಲೆ ಕೇಳಿದಳು:

"ಆ ಹುಡುಗಿ ಹಲಗಿ, ತಿರುಪುಕಂಬ ಎಲ್ಲಾ ಎಣಿಸಿ ನೋಡ್ಯಾಳ?"

"ಆಕಿಗೆ ಅವು ಚೆಂದ ಕಾಣಲಿಲ್ಲಂತ."

"ಆಕಿಗೆ ಹೇಳು ತಂಗಿ," ಎಂದಳು ಬ್ರೆಂಡಾ, "ಈ ಫೋಟೋ ನಾ ಗ್ವಾಡಿಗೆ ಹಾಕೇನಿ. ನಮ್ಮಜ್ಜನ ಬಾಜೂಕ."